ಹಳೇ ಸಿಗ್ನಲ್ ಬದಲಿಸಲು ದುಡ್ಡು ಬಂದರೆ ಏನನ್ನು ಕೇಳಬೇಕು?

ಬಜೆಟ್ ಮುಂಚಿನ ಸಭೆಗಳು ಹತ್ತಿರ ಬಂದಾಗಲೆಲ್ಲ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. ಮೈಸೂರಿನ ಕುವೆಂಪುನಗರದ ಬಡಾವಣೆ ಸಂಘವೊಂದರಲ್ಲಿ ಇದೇ ಚರ್ಚೆ ನಡೆದಿದೆ. ಸರ್ಕಲ್‌ನ ಸಿಗ್ನಲ್ ಹಳೆಯದಾಗಿದೆ. ಪಾಲಿಕೆಗೆ ಮನವಿ ಕೊಡಬೇಕು. ದೀಪ ಬದಲಿಸಿದರೆ ಸಾಕು ಅಂತ ಅರ್ಧ ಜನ, ಕ್ಯಾಮೆರಾ ಇರುವ ಸ್ಮಾರ್ಟ್ ಸಿಗ್ನಲ್ಲೇ ಬೇಕು ಅಂತ ಇನ್ನರ್ಧ ಜನ. ಮಂಡ್ಯದ ಓದುಗರೊಬ್ಬರ ಚಿಂತೆ ಬೇರೆ. ಬೈಪಾಸ್ ಆದ ಮೇಲೆ ಊರೊಳಗಿನ ಹಳೇ ಹೆದ್ದಾರಿಯ ಸ್ವರೂಪವೇ ಬದಲಾಗಿದೆ. ಅಲ್ಲಿನ ಸಿಗ್ನಲ್‌ಗೆ ಮತ್ತೆ ದುಡ್ಡು ಸುರಿಯಬೇಕಾ, ಅಥವಾ ತೆಗೆದೇ ಬಿಡಬಹುದಾ ಎನ್ನುವುದು ಅವರ ಪ್ರಶ್ನೆ.

ಈ ವಿಷಯಕ್ಕೆ ನಾನು ಬಿದ್ದಿದ್ದು ಒಂದು ಸಂಕಟದಿಂದ. ನಮ್ಮ ಮನೆ ಹತ್ತಿರ ನಾಲ್ಕು ರಸ್ತೆ ಕೂಡುವ ಕಡೆ ಸಿಗ್ನಲ್ ಒಮ್ಮೆ ಐದು ವಾರ ಆರಿಹೋಗಿತ್ತು. ಒಂದು ಕಚೇರಿಗೆ ಫೋನ್ ಮಾಡಿದೆ. ಕಂಬ ನಮ್ಮದು, ಪೆಟ್ಟಿಗೆ ನಮ್ಮದಲ್ಲ ಎಂದರು. ಇನ್ನೊಂದು ಕಚೇರಿಗೆ ಹೋದೆ. ರಿಪೇರಿ ಗುತ್ತಿಗೆ ಮುಗಿದಿದೆ, ಹೊಸದು ಆಗಬೇಕು ಎಂದರು. ಕೊನೆಗೆ ಹಾಳಾಗಿದ್ದು ಏನು ಗೊತ್ತಾ? ನೀರಿನ ಪೈಪಿಗೆ ರಸ್ತೆ ಅಗೆದಾಗ ತುಂಡಾದ ಒಂದೇ ಒಂದು ಕೇಬಲ್. ಆ ಐದು ವಾರ ಶಾಲೆ ಬಿಡುವ ಹೊತ್ತಿಗೆ ಅಲ್ಲಿ ಮಕ್ಕಳು ರಸ್ತೆ ದಾಟಿದ್ದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಎನ್ನುತ್ತದೆ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಯಾವ ಸಿಗ್ನಲ್ ಕೊಳ್ಳುತ್ತೀರಿ ಎನ್ನುವುದು ನನಗೆ ಎರಡನೇ ಪ್ರಶ್ನೆ. ಅದನ್ನು ಹತ್ತು ವರ್ಷ ಯಾರು ನೋಡಿಕೊಳ್ಳುತ್ತಾರೆ ಎನ್ನುವುದು ಮೊದಲನೆಯದು.

ಮೊದಲು ಅಳತೆಗೋಲು

ಕಂಪನಿಯವರ ಬಣ್ಣದ ಹಾಳೆ ನೋಡುವ ಮುಂಚೆ ನಿಮ್ಮ ಸರ್ಕಲ್‌ಗೆ ಏನು ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ.

ನನ್ನ ಪಟ್ಟಿಯಲ್ಲಿ ಮೊದಲು ಬರುವವರು ನಡೆದು ಹೋಗುವವರು. ರಸ್ತೆ ದಾಟುವ ಲೆಕ್ಕಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿಯುತ್ತಾರೆ. 15 ಮೀಟರ್ ಅಗಲದ ರಸ್ತೆಗೆ ಹನ್ನೆರಡೂವರೆ ಸೆಕೆಂಡ್. ನಾನು ಅಮ್ಮನ ಜೊತೆ ಅಷ್ಟೇ ಅಗಲದ ರಸ್ತೆ ದಾಟಿ ಗಡಿಯಾರ ನೋಡಿದೆ. 19 ಸೆಕೆಂಡ್ ಆಯಿತು. ಅವರಿಗೆ ಮಂಡಿನೋವು, ಕೈಯಲ್ಲಿ ತರಕಾರಿ ಚೀಲ. ದೇವರಾಜ ಮಾರುಕಟ್ಟೆಗೆ ಬರುವ ಎಷ್ಟೋ ಜನರ ನಡಿಗೆ ಹೀಗೇ ಇರುತ್ತದೆ. ಹಾಗಾಗಿ ಆಸ್ಪತ್ರೆ, ಮಾರುಕಟ್ಟೆ, ದೇವಸ್ಥಾನ, ಶಾಲೆ ಹತ್ತಿರದ ಸಿಗ್ನಲ್ ಆಗಿದ್ದರೆ ಸೆಕೆಂಡಿಗೆ 0.8 ಮೀಟರ್ ಹಿಡಿದು ಲೆಕ್ಕ ಹಾಕಿ ಅಂತ ಕೇಳಿ.

ಎರಡನೆಯದು ಕಾಯುವ ಹೊತ್ತು. ಬೆಳಗ್ಗೆ ಆಫೀಸಿಗೆ ಹೋಗುವಾಗ ಕಾಯುವುದು ಒಂದು, ಮಧ್ಯಾಹ್ನ ಎರಡು ಗಂಟೆಗೆ ಖಾಲಿ ರಸ್ತೆಯಲ್ಲಿ ಮೂರು ನಿಮಿಷ ಕಾಯುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಮೂರನೆಯದು, ಕರೆಂಟ್ ಹೋದಾಗ, ಮಳೆ ಬಂದಾಗ, ರಸ್ತೆ ಅಗೆದಾಗ ಅದು ಕೆಲಸ ಮಾಡುತ್ತದಾ? ನಾಲ್ಕನೆಯದು ಹತ್ತು ವರ್ಷದ ಒಟ್ಟು ಖರ್ಚು. ಕೊಳ್ಳುವ ಬೆಲೆ, ವಿದ್ಯುತ್ ಬಿಲ್, ಬ್ಯಾಟರಿ, ರಿಪೇರಿ, ಸಾಫ್ಟ್‌ವೇರ್ ಬಾಡಿಗೆ ಎಲ್ಲ ಸೇರಿ. ಐದನೆಯದು, ಕೆಟ್ಟರೆ ಯಾರು, ಎಷ್ಟು ಗಂಟೆಯಲ್ಲಿ ಬರುತ್ತಾರೆ?

ಮೈಸೂರಿಗೆ ಇನ್ನೊಂದು ಅಳತೆ ಸೇರಿಸಬೇಕು. ಜಾಗಕ್ಕೆ ಹೊಂದುತ್ತದಾ? ಅರಮನೆಯಿಂದ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಅಲ್ಲಿಂದ ಬನ್ನಿಮಂಟಪದವರೆಗೆ ಜಂಬೂ ಸವಾರಿ ಹೋಗುತ್ತದೆ. ಆನೆ ಮೇಲೆ ಅಂಬಾರಿ, ಹಿಂದೆ ಮುಂದೆ ಎತ್ತರದ ಸ್ತಬ್ಧಚಿತ್ರಗಳು. ರಸ್ತೆ ಮೇಲೆ ತೋಳು ಚಾಚುವ ಕಂಬ ಬೇರೆ ಕಡೆ ಒಳ್ಳೆಯದೇ, ಈ ಹಾದಿಯಲ್ಲಿ ಬದಿಯ ಕಂಬ ಅಥವಾ ತಿರುಗಿಸಿ ಮಡಚುವ ತೋಳೇ ಬೇಕು. ದೊಡ್ಡ ಮರಗಳಿರುವ ರಸ್ತೆಗಳಲ್ಲೂ ಹಾಗೇ, ಕೊಂಬೆ ಮರೆಗೆ ದೀಪ ಕಾಣದಂತೆ ಆಗಬಾರದು. ಕೊಂಬೆ ಕಡಿಯುವುದು ಇದಕ್ಕೆ ಉತ್ತರ ಅಲ್ಲ.

ಏನೂ ಕೊಳ್ಳದೆ, ಸಮಯ ಮಾತ್ರ ಸರಿಮಾಡುವುದು

ಇದನ್ನು ಯಾರೂ ಮನವಿಯಲ್ಲಿ ಬರೆಯುವುದಿಲ್ಲ. ಉದ್ಘಾಟನೆಗೆ ರಿಬ್ಬನ್ ಇಲ್ಲ, ಫೋಟೊ ಇಲ್ಲ. ಆದರೆ ನನ್ನ ಪ್ರಕಾರ ಪ್ರತಿ ಸರ್ಕಲ್‌ನಲ್ಲೂ ಮೊದಲು ಮಾಡಬೇಕಾದ ಕೆಲಸ ಇದೇ.

ಹಳೇ ಸಿಗ್ನಲ್‌ಗೆ ಸಮಯ ಕೂರಿಸಿದ್ದು ಯಾವತ್ತೋ. ಆಮೇಲೆ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಬಂತು, ಕಾಲೇಜು ಬಂತು, ಒಂದು ರಸ್ತೆ ಒನ್ ವೇ ಆಯಿತು. ಸಮಯ ಮಾತ್ರ ಹಾಗೇ ಉಳಿಯಿತು. ಬ್ರಿಟನ್ನಿನ ಎಫ್.ವಿ. ವೆಬ್‌ಸ್ಟರ್ 1958ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ನಮ್ಮ ಸಿವಿಲ್ ಎಂಜಿನಿಯರಿಂಗ್ ಮಕ್ಕಳು ಇವತ್ತಿಗೂ ಅದನ್ನು ಕಲಿಯುತ್ತಾರೆ. ಕಷ್ಟ ಏನಿಲ್ಲ, ನೋಡಿ.

ನಾಲ್ಕು ರಸ್ತೆಗೆ ಸರದಿಯಲ್ಲಿ ಹಸಿರು ಕೊಡುವ ಸಿಗ್ನಲ್ ಅಂದುಕೊಳ್ಳಿ. ಪ್ರತಿ ಸಲ ಹಸಿರು ಬದಲಾದಾಗ ಗಾಡಿಗಳು ನಿಂತು ಹೊರಡುವುದರಲ್ಲಿ ಸುಮಾರು 4 ಸೆಕೆಂಡ್ ವ್ಯರ್ಥ. ನಾಲ್ಕಕ್ಕೆ 16. ಇದನ್ನು ಒಂದೂವರೆಯಿಂದ ಗುಣಿಸಿ, 5 ಕೂಡಿಸಿ. 29 ಬಂತು. ಈಗ ರಸ್ತೆಗಳು ಹೊರಬಲ್ಲ ಗಾಡಿಗಳಲ್ಲಿ ಎಷ್ಟು ಪಾಲು ನಿಜಕ್ಕೂ ಬರುತ್ತಿವೆ ಎಂದು ಎಣಿಸಿ. ಸಂಜೆ ನೂರಕ್ಕೆ 70 ಪಾಲು ತುಂಬಿದ್ದರೆ ಉಳಿದದ್ದು 0.3. 29ನ್ನು 0.3ರಿಂದ ಭಾಗಿಸಿದರೆ 97 ಸೆಕೆಂಡ್. ಒಂದು ಸುತ್ತು ಅಷ್ಟು ಹೊತ್ತಿನಲ್ಲಿ ಮುಗಿದರೆ ಒಟ್ಟು ಕಾಯುವಿಕೆ ಕಡಿಮೆ. ಮಧ್ಯಾಹ್ನ ಅರ್ಧ ಮಾತ್ರ ತುಂಬಿದ್ದರೆ 29ನ್ನು 0.5ರಿಂದ ಭಾಗಿಸಿ, 58 ಸೆಕೆಂಡ್. ನಡೆಯುವವರಿಗೆ ಬೇಕಾದ ಸಮಯ ಸೇರಿಸಿದರೆ ಇದು ಸ್ವಲ್ಪ ಉದ್ದವಾಗುತ್ತದೆ, ಆಗಲಿ. ಆದರೆ ಇದೇ ಸರ್ಕಲ್ ದಿನವಿಡೀ 180 ಸೆಕೆಂಡಿನ ಸುತ್ತು ಹಾಕುತ್ತಿದ್ದರೆ? ಎಲ್ಲರೂ ಸುಮ್ನೆ ಕಾಯುತ್ತಿದ್ದಾರೆ ಅಂತ ಅರ್ಥ. ಕಾದು ಕಾದು ತಾಳ್ಮೆ ಕೆಟ್ಟವರೇ ಕೆಂಪು ದಾಟುವುದು.

ಬೆಳಗ್ಗೆ, ಮಧ್ಯಾಹ್ನ, ಸಂಜೆ, ಭಾನುವಾರ ಹೀಗೆ ಬೇರೆ ಬೇರೆ ಸಮಯ ಕೂರಿಸುವ ಸೌಲಭ್ಯ ಸಿಗ್ನಲ್ ನಡೆಸುವ ತುಂಬ ಪೆಟ್ಟಿಗೆಗಳಲ್ಲಿ, ಅಂದರೆ ಕಂಟ್ರೋಲರ್‌ಗಳಲ್ಲಿ ಇರುತ್ತದೆ. ಬಳಸುವವರು ಕಡಿಮೆ. ಎಣಿಕೆಗೆ ಜನ ಬೇಕಾದರೆ ಮೈಸೂರಿನಲ್ಲಿ ಎನ್‌ಐಇ ಇದೆ, ಎಸ್‌ಜೆಸಿಇ ಇದೆ, ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿದೆ. ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್, ಊರಿಗೂ ಉಪಯೋಗ. ಬೆಂಗಳೂರು, ಹೈದರಾಬಾದ್, ಕೋಲ್ಕತ್ತಗಳಲ್ಲಿ ಗೂಗಲ್‌ನವರ ಗ್ರೀನ್ ಲೈಟ್ ಪ್ರಯೋಗ ನಡೆದಿದ್ದೂ ಇದೇ ತತ್ವದ ಮೇಲೆ. ಮ್ಯಾಪಿನ ಮಾಹಿತಿ ನೋಡಿ, ಇರುವ ಸಿಗ್ನಲ್‌ನ ಸಮಯ ಎಷ್ಟು ಬದಲಿಸಬೇಕು ಅಂತ ಸಲಹೆ ಕೊಡುವುದು. ರಸ್ತೆಯಲ್ಲಿ ಹೊಸ ಯಂತ್ರ ಏನೂ ಇಲ್ಲ.

ಇದರ ಮಿತಿಯೂ ಗೊತ್ತಿರಲಿ. ಕೇಬಲ್ ಕೊಳೆತಿದ್ದರೆ, ಕಂಬದ ಬುಡ ತುಕ್ಕು ಹಿಡಿದಿದ್ದರೆ ಸಮಯ ಬದಲಿಸಿ ಏನು ಬಂತು? ಎರಡು ವರ್ಷಕ್ಕೊಮ್ಮೆ ಮತ್ತೆ ಎಣಿಸಬೇಕು ಕೂಡ.

ದೀಪ ಮಾತ್ರ ಬದಲಿಸುವುದು

ನಿಮ್ಮ ಸಿಗ್ನಲ್ ಈಗಾಗಲೇ ಎಲ್‌ಇಡಿ ಆಗಿರಬಹುದು. ಹತ್ತಿರ ಹೋಗಿ ನೋಡಿ. ಬಣ್ಣ ಚುಕ್ಕಿ ಚುಕ್ಕಿಯಾಗಿ ಕಂಡರೆ ಎಲ್‌ಇಡಿ. ಒಳಗೆ ಒಂದೇ ಬಲ್ಬು, ಹಿಂದೆ ಕನ್ನಡಿಯಂಥ ಬಟ್ಟಲು ಇದ್ದರೆ ಹಳೇದು.

ಹಳೇದಾಗಿದ್ದರೆ ಬದಲಿಸುವುದಕ್ಕೆ ಯೋಚನೆಯೇ ಬೇಡ. ಒಂದು ಲೆಕ್ಕ ಹಿಡಿಯೋಣ. ಸರ್ಕಲ್‌ನಲ್ಲಿ ಎಂಟು ಮುಖ, ಯಾವಾಗಲೂ ಪ್ರತಿಯೊಂದರಲ್ಲಿ ಒಂದು ದೀಪ ಉರಿಯುತ್ತದೆ. 100 ವ್ಯಾಟಿನ ಬಲ್ಬಾದರೆ ಒಟ್ಟು 800 ವ್ಯಾಟ್. ದಿನಕ್ಕೆ 16 ಗಂಟೆ ಅಂದರೆ ತಿಂಗಳಿಗೆ ಸುಮಾರು 384 ಯೂನಿಟ್. 12 ವ್ಯಾಟಿನ ಎಲ್‌ಇಡಿ ಹಾಕಿದರೆ 46 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಅಂದುಕೊಂಡರೂ ವರ್ಷಕ್ಕೆ 32 ಸಾವಿರದಷ್ಟು ಉಳಿತಾಯ. ಅದೂ ಒಂದೇ ಸರ್ಕಲ್‌ನಲ್ಲಿ. ವಿದ್ಯುತ್ ಕಂಪನಿ ಸೆಸ್ಕ್‌ನ ಬಿಲ್ ತೆಗೆಸಿ ನಿಮ್ಮ ಸರ್ಕಲ್‌ನ ನಿಜವಾದ ಅಂಕಿ ಹಾಕಿಕೊಳ್ಳಿ.

ದುಡ್ಡಿಗಿಂತ ದೊಡ್ಡ ಲಾಭ ಬಿಸಿಲಲ್ಲಿದೆ. ಬೆಳಗ್ಗೆ ಹುಣಸೂರು ರಸ್ತೆಯಲ್ಲಿ ಪಶ್ಚಿಮಕ್ಕೆ ಹೋಗುವಾಗ ಎಳೆಬಿಸಿಲು ಬೆನ್ನ ಹಿಂದಿನಿಂದ ಬಂದು ಸಿಗ್ನಲ್ ಮುಖಕ್ಕೆ ಬಡಿಯುತ್ತದೆ. ಹಳೇ ದೀಪದ ಬಟ್ಟಲು ಆ ಬೆಳಕನ್ನು ವಾಪಸ್ ಎಸೆಯುತ್ತದೆ. ಮೂರೂ ಬಣ್ಣ ಒಟ್ಟಿಗೆ ಉರಿದಂತೆ ಕಾಣುತ್ತದೆ. ಎಲ್‌ಇಡಿಯಲ್ಲಿ ಈ ಮೋಸ ತುಂಬ ಕಡಿಮೆ. ಪೂರ್ವ ಪಶ್ಚಿಮವಾಗಿ ಹೋಗುವ ರಸ್ತೆಯ ಸಿಗ್ನಲ್‌ಗಳನ್ನು ಮೊದಲು ಬದಲಿಸಿ ಅಂತ ಕೇಳುವುದಕ್ಕೆ ಇದೇ ಕಾರಣ ಸಾಕು.

ಆದರೆ ಎಲ್‌ಇಡಿ ಅಂದರೆ ಇನ್ನು ಮುಟ್ಟುವ ಹಾಗೇ ಇಲ್ಲ ಎಂದುಕೊಳ್ಳಬೇಡಿ. 50 ಸಾವಿರ ಗಂಟೆ ಬಾಳಿಕೆ ಎಂದು ಬರೆದಿರುತ್ತಾರೆ. ವೋಲ್ಟೇಜ್ ಏರುಪೇರಾದರೆ ಒಳಗೆ ಕರೆಂಟ್ ಹದಮಾಡುವ ಡ್ರೈವರ್ ಎಂಬ ಭಾಗ ಮೊದಲು ಸುಡುತ್ತದೆ. ಸಿಡಿಲು, ಮಳೆಗಾಲದ ಕರೆಂಟ್ ಹೊಯ್ದಾಟ ನಮಗೆ ಹೊಸದಲ್ಲ. ಅರ್ತಿಂಗ್ ಸರಿಯಿಲ್ಲದ ಕಂಬಕ್ಕೆ ಎಷ್ಟು ಎಲ್‌ಇಡಿ ಹಾಕಿದರೂ ಅಷ್ಟೇ. ವರ್ಷ ಕಳೆದಂತೆ ಮಂದವೂ ಆಗುತ್ತದೆ. ಉರಿಯುತ್ತಿದೆ, ಆದರೆ ಬಿಸಿಲಲ್ಲಿ ಕಾಣುವುದಿಲ್ಲ. ಅದಕ್ಕೆ ಬಲ್ಬು ಹೋದರೆ ಬದಲಿಸುವ ಗುತ್ತಿಗೆ ಸಾಲದು, ಬೆಳಕು ಇಷ್ಟಕ್ಕಿಂತ ಇಳಿದರೆ ಬದಲಿಸಬೇಕು ಅಂತ ಬರೆಸಬೇಕು.

ಪೆಟ್ಟಿಗೆಯಿಂದ ಕಂಬದವರೆಗೆ ಪೂರ್ತಿ ಹೊಸದು

ಖರ್ಚು ಇಲ್ಲಿ ಲಕ್ಷಗಳಿಗೆ ಹೋಗುತ್ತದೆ. ಕಂಟ್ರೋಲರ್, ಕೇಬಲ್, ಕಂಬ, ನಡೆಯುವವರ ದೀಪ, ಯುಪಿಎಸ್ ಎಲ್ಲವೂ ಸೇರುತ್ತದೆ. ಹದಿನೈದು ಇಪ್ಪತ್ತು ವರ್ಷ ಹಳೆಯ, ತಿಂಗಳಿಗೊಮ್ಮೆ ಕೆಡುವ ಸಿಗ್ನಲ್‌ಗೆ ಇದೇ ಸರಿ. ತೇಪೆ ಹಾಕುತ್ತಾ ಹೋದರೆ ಅದಕ್ಕಿಂತ ಜಾಸ್ತಿ ಖರ್ಚಾಗುತ್ತದೆ.

ಇದರಲ್ಲಿ ನಾನು ಹಠ ಹಿಡಿಯುವುದು ಕಣ್ಣಿಗೆ ಕಾಣದ ಒಂದು ವಸ್ತುವಿಗೆ. ರಸ್ತೆಯ ಅಡಿಯಲ್ಲಿ ಕೇಬಲ್ ಹೋಗುವ ಪೈಪು. ಪ್ರತಿ ರಸ್ತೆಯ ಕೆಳಗೆ ಗಟ್ಟಿ ಪೈಪು, ಜೊತೆಗೆ ಒಂದೆರಡು ಖಾಲಿ ಪೈಪು, ಎರಡೂ ತುದಿಯಲ್ಲಿ ಮುಚ್ಚಳವಿರುವ ಗುಂಡಿ. ಇಷ್ಟು ಮಾಡಿದರೆ ಮುಂದೆ ಕೇಬಲ್ ಹಾಳಾದಾಗ ಎಳೆದು ಹೊಸದು ತೂರಿಸಬಹುದು. ಡಾಂಬರು ಅಗೆಯುವುದೇ ಬೇಡ. ಇದನ್ನು ರಸ್ತೆಗೆ ಡಾಂಬರು ಹಾಕುವ ಮುಂಚೆ ಮಾಡಿಸಬೇಕು. ನಿಮ್ಮ ರಸ್ತೆಗೆ ಈ ವರ್ಷ ಡಾಂಬರು ಬೀಳುವುದಿದ್ದರೆ, ಸಿಗ್ನಲ್‌ಗೆ ದುಡ್ಡು ಬರದಿದ್ದರೂ ಪೈಪಾದರೂ ಹಾಕಿಸಿಕೊಳ್ಳಿ. ನಮ್ಮ ಸರ್ಕಲ್‌ನಲ್ಲಿ ಅದೊಂದು ಇದ್ದಿದ್ದರೆ ಐದು ವಾರದ ಕತ್ತಲೆ ಒಂದು ದಿನದಲ್ಲಿ ಮುಗಿಯುತ್ತಿತ್ತು.

ಕಂಟ್ರೋಲರ್ ಕೊಳ್ಳುವಾಗ ಒಂದಕ್ಕೊಂದು ಅಡ್ಡ ಬರುವ ರಸ್ತೆಗಳಿಗೆ ಒಂದೇ ಹೊತ್ತಿಗೆ ಹಸಿರು ಬೀಳದಂತೆ ತಡೆಯುವ ಕಾವಲು ಅದರಲ್ಲಿ ಇದೆಯಾ ಕೇಳಿ. ತಪ್ಪಾದರೆ ತಾನೇ ಮಿಣುಕುವ ದೀಪಕ್ಕೆ, ಅಂದರೆ ಬ್ಲಿಂಕರ್‌ಗೆ ಬೀಳಬೇಕು. ಎಲ್ಲ ಕಡೆ ಕೆಂಪು ಇರುವ ಒಂದೆರಡು ಸೆಕೆಂಡ್ ಕೂರಿಸಲು ಬರಬೇಕು. ಹೊಸ ಪೆಟ್ಟಿಗೆಯನ್ನು ಫುಟ್‌ಪಾತ್ ನಡುವೆ ನಿಲ್ಲಿಸದಂತೆ ನಕ್ಷೆ ನೋಡಿಯೇ ಒಪ್ಪಿಕೊಳ್ಳಿ. ಕಣ್ಣು ಕಾಣದವರಿಗೆ ಶಬ್ದ ಮಾಡುವ ಸಿಗ್ನಲ್ ಬೇಕು ಅಂತ ಕೇಳಲು ಹಿಂಜರಿಯಬೇಡಿ. ಅಂಗವಿಕಲರು ಓಡಾಡಬಲ್ಲಂಥ ರಸ್ತೆ ಒದಗಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ.

ಕರೆಂಟ್ ಹೋದಾಗಿನ ವಿಷಯ. ಎಲ್‌ಇಡಿ ಆದರೆ ದೀಪ, ಕಂಟ್ರೋಲರ್ ಎರಡೂ ಸೇರಿ 200 ವ್ಯಾಟಿನ ಆಸುಪಾಸು. ಮನೆ ಇನ್ವರ್ಟರಿನ 150 ಆಂಪಿಯರ್ ಅವರ್ ಬ್ಯಾಟರಿ ಒಂದಿದ್ದರೆ ನಾಲ್ಕು ಗಂಟೆ ಧಾರಾಳವಾಗಿ ನಡೆಯುತ್ತದೆ. ಹಳೇ ಬಲ್ಬಿಗೆ ಅದೇ ಬ್ಯಾಟರಿ ಒಂದೂವರೆ ಗಂಟೆಯೂ ಕಷ್ಟ. ಹಾಗಾಗಿ ದೀಪ ಬದಲಿಸದೆ ಯುಪಿಎಸ್ ಹಾಕುವುದು ದಂಡ. ಸೋಲಾರ್ ಬೇಕಾ ಅಂತ ತುಂಬ ಜನ ಕೇಳುತ್ತಾರೆ. ಊರೊಳಗೆ, ಮರದ ನೆರಳಲ್ಲಿ, ಪಕ್ಕದಲ್ಲೇ ಸೆಸ್ಕ್ ಲೈನ್ ಇರುವಾಗ ನಾನು ಬೇಡ ಎನ್ನುತ್ತೇನೆ. ಮೂರರಿಂದ ಐದು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು, ಕಳ್ಳತನದ ಭಯ ಬೇರೆ. ಲೈನ್ ದೂರ ಇರುವ ರಿಂಗ್ ರಸ್ತೆಯ ಕೆಲವು ಕಡೆಗೆ, ಬ್ಲಿಂಕರ್‌ಗೆ ಅದು ಚೆನ್ನಾಗಿ ಹೊಂದುತ್ತದೆ.

ಗಾಡಿ ನೋಡಿ ಬದಲಾಗುವ ಸಿಗ್ನಲ್

ಒಂದು ಕಡೆ ಹೆದ್ದಾರಿಯಷ್ಟು ಗಾಡಿ, ಇನ್ನೊಂದು ಕಡೆ ಬಡಾವಣೆಯ ಸಣ್ಣ ರಸ್ತೆ. ಇಂಥ ಕಡೆ ಖಾಲಿ ರಸ್ತೆಗೆ ಸುಮ್ನೆ ಹಸಿರು ಕೊಡುವುದು ಯಾಕೆ, ಅಲ್ವಾ? ಗಾಡಿ ಬಂದರೆ ಮಾತ್ರ ಹಸಿರು ಕೊಡುವ ವ್ಯವಸ್ಥೆ ಇದಕ್ಕೆಂದೇ ಇದೆ. ಸುಮಾರು 42 ಕಿಲೋಮೀಟರಿನ ನಮ್ಮ ರಿಂಗ್ ರಸ್ತೆಯಲ್ಲಿ ಸಣ್ಣ ರಸ್ತೆಗಳು ಬಂದು ಸೇರುವ ಕಡೆಗೆ ಇದು ಒಳ್ಳೆಯ ಆಯ್ಕೆ.

ಗಾಡಿ ಬಂದಿದ್ದು ಗೊತ್ತಾಗುವುದು ಹೇಗೆ ಎನ್ನುವುದೇ ಇಲ್ಲಿ ಮುಖ್ಯ. ಡಾಂಬರಿನೊಳಗೆ ಹೂತಿಡುವ ತಂತಿ ಸುರುಳಿ ಅಗ್ಗ, ಆದರೆ ಒಳಚರಂಡಿಗೆ ಒಮ್ಮೆ ಅಗೆದರೆ ಮುಗಿಯಿತು. ಸಾಲು ಹಿಡಿದು ನಿಲ್ಲದ ಬೈಕು, ಸ್ಕೂಟರ್‌ಗಳನ್ನು ಅದು ಸರಿಯಾಗಿ ಗುರುತಿಸುವುದೂ ಇಲ್ಲ. ಕ್ಯಾಮೆರಾಗೆ ರಸ್ತೆ ಅಗೆತದ ಕಾಟ ಇಲ್ಲ. ಅದಕ್ಕೆ ಧೂಳು, ಜೋರು ಮಳೆ, ಎದುರಿನ ಹೆಡ್‌ಲೈಟ್ ಕಾಟ. ರಾಡಾರ್ ಮಳೆಯಲ್ಲೂ ನಡೆಯುತ್ತದೆ, ಬೆಲೆ ಜಾಸ್ತಿ. ನಮ್ಮ ರಸ್ತೆ ಅಗೆತದ ಅಭ್ಯಾಸ ನೋಡಿದರೆ ಕ್ಯಾಮೆರಾ ಅಥವಾ ರಾಡಾರ್‌ಗೇ ನನ್ನ ಮತ. ಆದರೆ ಮೂರು ತಿಂಗಳಿಗೊಮ್ಮೆ ಗಾಜು ಒರೆಸುವವರು ಯಾರು ಎಂದು ಗುತ್ತಿಗೆಯಲ್ಲಿ ಬರೆದಿರಲೇಬೇಕು. ಕಣ್ಣು ಕೆಟ್ಟರೆ ಸಿಗ್ನಲ್ ಮಾಮೂಲಿ ಸಮಯಕ್ಕೆ ತಾನೇ ಮರಳುವಂತೆಯೂ ಇರಬೇಕು.

ಸೆಕೆಂಡ್ ಎಣಿಸುವ ಟೈಮರ್ ಬಗ್ಗೆ ಒಂದು ಮಾತು. ನಮ್ಮ ಜನಕ್ಕೆ ಅದು ಇಷ್ಟ, ಎಂಜಿನ್ ಆರಿಸಿ ಕಾಯುತ್ತಾರೆ. ಆದರೆ ಗಾಡಿ ನೋಡಿ ಬದಲಾಗುವ ಸಿಗ್ನಲ್‌ಗೆ ಮುಂದೆ ಎಷ್ಟು ಸೆಕೆಂಡ್ ಅಂತ ತನಗೇ ಮೊದಲೇ ಗೊತ್ತಿರುವುದಿಲ್ಲ. ಎರಡೂ ಬೇಕು ಅಂತ ಮನವಿಯಲ್ಲಿ ಬರೆಯುವವರು ಇದನ್ನು ಯೋಚಿಸಿ. ನಡೆಯುವವರ ದೀಪಕ್ಕೆ ಟೈಮರ್ ಇರಲಿ. ಎಷ್ಟು ಹೊತ್ತು ಉಳಿದಿದೆ ಎಂದು ತಿಳಿದರೆ ಅಜ್ಜಿಯೊಬ್ಬರು ಅರ್ಧ ರಸ್ತೆಯಲ್ಲಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಸಾಲು ಸಿಗ್ನಲ್‌ಗಳನ್ನು ಜೋಡಿಸುವುದು

ಸ್ಮಾರ್ಟ್ ಸಿಗ್ನಲ್ ಎಂದು ಜನ ಕರೆಯುವುದು ಇದನ್ನೇ. ಹತ್ತಾರು ಸರ್ಕಲ್‌ಗಳ ಕ್ಯಾಮೆರಾ, ಒಂದು ಕಂಟ್ರೋಲ್ ರೂಮ್, ಕ್ಷಣಕ್ಷಣಕ್ಕೂ ಸಮಯ ಬದಲಿಸುವ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ದಶಕಗಳಿಂದ ಇವೆ. ಸಾಲು ಹಿಡಿಯದ ನಮ್ಮ ಬೆರಕೆ ಗಾಡಿಗಳಿಗೆ ಹೊಂದುವಂತೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ, ತಿರುವನಂತಪುರದ ಸಿ-ಡ್ಯಾಕ್ 'ಕೊಸಿಕೋಸ್ಟ್' ಎಂಬ ವ್ಯವಸ್ಥೆ ಮಾಡಿತು. ಬೆಂಗಳೂರು ಅದನ್ನೇ 165 ಜಂಕ್ಷನ್‌ಗಳ ಯೋಜನೆಗೆ ತೆಗೆದುಕೊಂಡಿತು.

ಒಳ್ಳೆಯದೇ. ಆದರೆ ಒಂಟಿ ಸರ್ಕಲ್‌ಗೆ ಇದನ್ನು ಕೇಳಬೇಡಿ. ಇದರ ಬಲ ಇರುವುದು ಸರಪಳಿಯಲ್ಲಿ. ಮುಕ್ಕಾಲು ಕಿಲೋಮೀಟರಿಗಿಂತ ಹತ್ತಿರ ಇರುವ ಸಿಗ್ನಲ್‌ಗಳ ನಡುವೆ ಗಾಡಿಗಳು ಗುಂಪಾಗಿ ಬರುತ್ತವೆ. ಅದಕ್ಕಿಂತ ದೂರವಾದರೆ ಗುಂಪು ಚದುರುತ್ತದೆ. ಮೆಟ್ರೋಪೋಲ್ ವೃತ್ತದಿಂದ ರಾಮಸ್ವಾಮಿ ವೃತ್ತದ ಕಡೆಗೆ ಹೋಗುವ ಜೆಎಲ್‌ಬಿ ರಸ್ತೆಯಂಥ ಕಡೆ ಇದನ್ನು ಯೋಚಿಸಬಹುದು. ಇನ್ನೊಂದು ಮಾತು. ರಸ್ತೆ ಹೊರಬಲ್ಲದ್ದಕ್ಕಿಂತ ಜಾಸ್ತಿ ಗಾಡಿ ಬರುತ್ತಿದ್ದರೆ ಯಾವ ಸಾಫ್ಟ್‌ವೇರೂ ಜಾಗ ಹುಟ್ಟಿಸುವುದಿಲ್ಲ. ಅಲ್ಲಿ ಬೇಕಾಗಿರುವುದು ಜಾಸ್ತಿ ಬಸ್ಸು, ಪಾರ್ಕಿಂಗ್ ತೆರವು.

ಇದರ ನಡುವೆ ಒಂದು ಅಗ್ಗದ ದಾರಿ ಇದೆ, ಹೇಳುವವರು ಕಡಿಮೆ. ಎಲ್ಲ ಕಂಟ್ರೋಲರ್‌ಗಳ ಗಡಿಯಾರವನ್ನು ಜಿಪಿಎಸ್ ಸಮಯಕ್ಕೆ ಕಟ್ಟುವುದು. ಎರಡು ಸಿಗ್ನಲ್ ನಡುವೆ 400 ಮೀಟರ್ ಇದ್ದು, ಗಾಡಿ ಗಂಟೆಗೆ 30 ಕಿಲೋಮೀಟರ್ ಹೋದರೆ ತಲುಪಲು 48 ಸೆಕೆಂಡ್. ಮುಂದಿನ ಸಿಗ್ನಲ್ 48 ಸೆಕೆಂಡ್ ತಡವಾಗಿ ಹಸಿರಾಗುವಂತೆ ಕೂರಿಸಿದರೆ ಮುಗಿಯಿತು. ಕ್ಯಾಮೆರಾ ಬೇಡ, ಕಂಟ್ರೋಲ್ ರೂಮ್ ಬೇಡ. ಗಂಟೆಗೆ 30ರಲ್ಲಿ ಹೋದವರಿಗೆ ಮುಂದೆ ಹಸಿರು ಸಿಗುತ್ತದೆ, 60ರಲ್ಲಿ ಓಡಿಸಿದವರು ಕೆಂಪಿನ ಮುಂದೆ ನಿಲ್ಲುತ್ತಾರೆ. ವೇಗ ತಗ್ಗಿಸಲು ಹಂಪ್‌ಗಿಂತ ನನಗೆ ಇದು ಇಷ್ಟ.

ದೊಡ್ಡ ವ್ಯವಸ್ಥೆಗೆ ಹೋಗುವ ಮುನ್ನ ಪ್ರತಿ ವರ್ಷದ ಖರ್ಚು ಎಷ್ಟು ಎಂದು ಬರಹದಲ್ಲಿ ಕೇಳಿ. ಸಿಮ್ ಅಥವಾ ಫೈಬರ್ ಬಿಲ್, ಸಾಫ್ಟ್‌ವೇರ್ ಬಾಡಿಗೆ, ಕಂಟ್ರೋಲ್ ರೂಮಿನಲ್ಲಿ ಕೂರುವವರ ಸಂಬಳ. ಕಂಪನಿ ಬಿಟ್ಟುಹೋದರೆ ಬೇರೆಯವರು ಅದನ್ನು ನಡೆಸಲು ಆಗುತ್ತದಾ?

ಸಿಗ್ನಲ್ಲೇ ಬೇಡವಾದರೆ

ಮೈಸೂರು ವೃತ್ತಗಳ ಊರು. ಸಿಗ್ನಲ್ ಬರುವ ಎಷ್ಟೋ ಮುಂಚೆ ನಾವು ಸುತ್ತು ಹಾಕಿಕೊಂಡು ಓಡಾಡಿದವರು. ಗಂಟೆಗೆ ಎಲ್ಲ ಕಡೆಯಿಂದ ಸೇರಿ 3,000 ಗಾಡಿಯವರೆಗೆ ವೃತ್ತ ಚೆನ್ನಾಗಿ ನಿಭಾಯಿಸುತ್ತದೆ ಎನ್ನುವುದು ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಹಳೆಯ ಲೆಕ್ಕ. ಕರೆಂಟ್ ಬೇಡ, ಕೆಡುವುದಿಲ್ಲ, ರಾತ್ರಿ ಖಾಲಿ ರಸ್ತೆಯಲ್ಲಿ ಕಾಯುವುದಿಲ್ಲ. ಗಾಡಿಗಳು ನಿಧಾನವಾಗಿ ಓರೆಯಲ್ಲಿ ಸೇರುವುದರಿಂದ ಡಿಕ್ಕಿಯಾದರೂ ಪೆಟ್ಟು ಕಡಿಮೆ. ತೊಂದರೆ ಎಂದರೆ ನಡೆಯುವವರಿಗೆ ಯಾರೂ ನಿಲ್ಲಿಸುವುದಿಲ್ಲ. ಹಾಗಾಗಿ ವೃತ್ತ ಉಳಿಸಿಕೊಂಡರೆ ಜೀಬ್ರಾ ಪಟ್ಟೆಯನ್ನು ರಸ್ತೆ ಮಟ್ಟಕ್ಕಿಂತ ಎತ್ತರಿಸಿ, ಮಧ್ಯದಲ್ಲಿ ನಿಲ್ಲಲು ಜಾಗ ಮಾಡಿಸಬೇಕು.

ಮಂಡ್ಯದ ಓದುಗರಿಗೆ ನನ್ನ ಉತ್ತರ ಇಲ್ಲಿದೆ. ಬೆಂಗಳೂರು ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ದೂರದ ಗಾಡಿಗಳಿಗೆ ಊರು ಹೊಕ್ಕುವ ಅಗತ್ಯ ಹೋಯಿತು. ಹೆದ್ದಾರಿಗೆಂದು ಕೂರಿಸಿದ್ದ ಸಮಯ ಇನ್ನೂ ಹಾಗೇ ಇದ್ದರೆ ಅದು ಇವತ್ತಿನ ಮಂಡ್ಯದ್ದಲ್ಲ. ಸಂಜಯ ವೃತ್ತ, ಮಹಾವೀರ ವೃತ್ತದಂಥ ಕಡೆ ತೆಗೆಯುವ ಮಾತು ಬೇಡ, ಅಲ್ಲಿ ನಡೆಯುವವರು ಜಾಸ್ತಿ. ಮತ್ತೆ ಎಣಿಸಿ, ಸುತ್ತಿನ ಸಮಯ ಇಳಿಸಿ, ಉಳಿಸಿದ್ದನ್ನು ನಡೆಯುವವರಿಗೆ ಕೊಡಿ. ಉಳಿದ ಸಣ್ಣ ಕೂಡುರಸ್ತೆಗಳಲ್ಲಿ ಎರಡು ವಾರ ಬ್ಲಿಂಕರ್ ಹಾಕಿ, ಪೊಲೀಸರ ಕಣ್ಗಾವಲಲ್ಲಿ ನೋಡಿ ತೀರ್ಮಾನಿಸಬಹುದು.

ಮಂಡ್ಯಕ್ಕೆ ಇನ್ನೊಂದು ಇದೆ, ಕಬ್ಬಿನ ಗಾಡಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ಗಂಟೆಗೆ 10 ಕಿಲೋಮೀಟರಿನಲ್ಲಿ ಹೋದರೆ, 20 ಮೀಟರ್ ಜಂಕ್ಷನ್ ದಾಟಿ ತನ್ನ 12 ಮೀಟರ್ ಉದ್ದವನ್ನೂ ಎಳೆದುಕೊಳ್ಳಲು ಹನ್ನೊಂದೂವರೆ ಸೆಕೆಂಡ್ ಬೇಕು. 3 ಸೆಕೆಂಡಿನ ಹಳದಿಗೆ ಅದು ಎಲ್ಲಿ ಮುಗಿಯುತ್ತದೆ? ಅರೆಯುವ ಕಾಲಕ್ಕೆ ಬೇರೆ ಸಮಯ, ಎಲ್ಲ ಕಡೆ ಕೆಂಪು ಸ್ವಲ್ಪ ಉದ್ದ. ಈ ಮಾತು ಯಾವ ಕಂಪನಿಯ ಹಾಳೆಯಲ್ಲೂ ಇರುವುದಿಲ್ಲ. ನೀವೇ ಹೇಳಬೇಕು.

ದುಡ್ಡು ಎಷ್ಟಿದೆ ನೋಡಿಕೊಂಡು

ಏನೂ ಇಲ್ಲದಿದ್ದರೆ ಎಣಿಕೆ, ಸಮಯ, ಜೀಬ್ರಾ ಪಟ್ಟೆಗೆ ಹೊಸ ಬಣ್ಣ, ಅಡ್ಡ ಬರುವ ಫ್ಲೆಕ್ಸ್ ತೆರವು. ಸ್ವಲ್ಪ ಇದ್ದರೆ ಎಲ್‌ಇಡಿ ಮತ್ತು ಅರ್ತಿಂಗ್, ನಡೆಯುವವರ ದೀಪ. ಇನ್ನೂ ಸ್ವಲ್ಪ ಇದ್ದರೆ ಯುಪಿಎಸ್. ಒಂದು ವಾರ್ಡಿಗೆ ಒಂದೇ ಪೂರ್ತಿ ಹೊಸ ಸಿಗ್ನಲ್‌ನಷ್ಟು ದುಡ್ಡು ಬಂದರೆ, ಐದು ಕಡೆ ದೀಪ ಬದಲಿಸುವುದಾ, ಒಂದು ಕಡೆ ಪೂರ್ತಿ ಮಾಡುವುದಾ? ಕಂಬ ಅಲುಗಾಡುತ್ತಿದ್ದರೆ, ಕರೆಂಟ್ ಹೊಡೆಯುವ ಭಯ ಇದ್ದರೆ ಒಂದನ್ನೇ ಪೂರ್ತಿ ಮಾಡಿ. ಇಲ್ಲದಿದ್ದರೆ ಐದು. ಮುಖ್ಯ ರಸ್ತೆಯ ಸಾಲಿಗೇ ದೊಡ್ಡ ದುಡ್ಡು ಬಂದರೆ ಮೊದಲು ಜಿಪಿಎಸ್ ಗಡಿಯಾರ, ಒಂದು ವರ್ಷ ನೋಡಿ, ಆಮೇಲೆ ಕ್ಯಾಮೆರಾ.

ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದೂ ಆಯ್ಕೆಯನ್ನು ಬದಲಿಸುತ್ತದೆ. ಸಂಸದರ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಆಸ್ತಿ ಮಾಡಿಕೊಡುತ್ತದೆ, ವರ್ಷವರ್ಷದ ನಿರ್ವಹಣೆ ಹೊರುವುದಿಲ್ಲ. ಆ ನಿಧಿಯಿಂದ ಪೈಪು, ಕಂಬ ಕೇಳಿ. ನಿರ್ವಹಣೆಗೆ ಪಾಲಿಕೆ ಅಥವಾ ನಗರಸಭೆ ಬಜೆಟ್‌ನಲ್ಲಿ ಪ್ರತ್ಯೇಕ ಸಾಲು ಬರೆಸಿ. ಜಾಹೀರಾತು ಫಲಕ ಹಾಕಿಕೊಂಡು ಸಿಗ್ನಲ್ ನೋಡಿಕೊಳ್ಳುತ್ತೇವೆ ಎಂದು ಬರುವ ಕಂಪನಿಗಳು ಕೇಳುವುದು ಜನ ತುಂಬುವ ಸರ್ಕಲ್‌ಗಳನ್ನು ಮಾತ್ರ. ಹೊರವಲಯದ ಎರಡು ಸರ್ಕಲ್‌ಗಳನ್ನೂ ಜೊತೆಗೆ ಕಟ್ಟಿ ಕೊಟ್ಟರೆ ಒಪ್ಪಬಹುದು. ದೀಪದ ಹಿಂದೆಯೇ ಬಣ್ಣದ ಫಲಕ ಬರಬಾರದು.

ಟೆಂಡರ್ ಹಂತದಲ್ಲಿ ಕೇಳಬೇಕಾದ್ದು ಮುಖ್ಯವಾಗಿ ಒಂದು. ಕಡಿಮೆ ಬೆಲೆ ಎಂದು ನೋಡುವಾಗ ಯಂತ್ರದ ಬೆಲೆಯ ಜೊತೆ ಐದು ವರ್ಷದ ನಿರ್ವಹಣೆಯ ಬೆಲೆಯನ್ನೂ ಕೂಡಿಸಿ ಹೋಲಿಸಬೇಕು. ಇಲ್ಲದಿದ್ದರೆ ಯಂತ್ರ ಅಗ್ಗಕ್ಕೆ ಕೊಟ್ಟು ಬಿಡಿಭಾಗಕ್ಕೆ ದುಡ್ಡು ಎಳೆಯುವವರು ಗೆಲ್ಲುತ್ತಾರೆ. ದೂರು ಬಂದ ಎಷ್ಟು ಗಂಟೆಯಲ್ಲಿ ಸರಿಮಾಡಬೇಕು, ತಡವಾದರೆ ದಿನಕ್ಕೆ ಎಷ್ಟು ಕಡಿತ ಎಂಬುದು ಅಂಕಿಯಲ್ಲಿ ಇರಲಿ. ಸಮಯ ಬದಲಿಸುವ ಪಾಸ್‌ವರ್ಡ್ ಕಂಪನಿಯ ಹತ್ತಿರ ಮಾತ್ರ ಇರದೆ ಸಂಚಾರ ಪೊಲೀಸರ ಹತ್ತಿರವೂ ಇರಲಿ. ಪ್ರತಿ ಕಂಬದ ಮೇಲೆ ಒಂದು ಸಂಖ್ಯೆ, ಒಂದೇ ದೂರವಾಣಿ ಸಂಖ್ಯೆ ಬರೆದಿರಲಿ. ಕಂಬ ಯಾರದು, ಪೆಟ್ಟಿಗೆ ಯಾರದು ಎಂದು ನನ್ನ ಹಾಗೆ ಇನ್ನೊಬ್ಬರು ಅಲೆಯುವುದು ತಪ್ಪುತ್ತದೆ.

ಮನವಿ ಬರೆಯುವ ಮುಂಚೆ ಒಂದು ಮಂಗಳವಾರ ಅಥವಾ ಬುಧವಾರ ಸಂಘದ ನಾಲ್ಕು ಜನ ಸರ್ಕಲ್‌ಗೆ ಹೋಗಿ. ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆ, ಮಧ್ಯಾಹ್ನ ಎರಡರಿಂದ ಮೂರು, ಸಂಜೆ ಐದೂವರೆಯಿಂದ ಆರೂವರೆ. ಒಬ್ಬರಿಗೆ ಒಂದು ರಸ್ತೆ. ಕಾಗದದಲ್ಲಿ ಗೆರೆ ಹಾಕಿ ಬೈಕು, ಕಾರು, ಬಸ್ಸು, ಆಟೋ ಬೇರೆ ಬೇರೆ ಎಣಿಸಿ. ಹಸಿರು ಎಷ್ಟು ಸೆಕೆಂಡ್, ಹಸಿರು ಮುಗಿದಾಗ ಇನ್ನೂ ಎಷ್ಟು ಗಾಡಿ ಉಳಿದವು, ಗಾಡಿಯೇ ಇಲ್ಲದ ರಸ್ತೆಗೆ ಹಸಿರು ಎಷ್ಟು ಸಲ ಬಿತ್ತು ಬರೆಯಿರಿ. ಜೊತೆಗೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಅವರ ಕೈ ಹಿಡಿದು ಒಮ್ಮೆ ದಾಟಿ, ಎಷ್ಟು ಸೆಕೆಂಡ್ ಆಯಿತು ನೋಡಿ. ಆ ಅಂಕಿಯನ್ನು ಮನವಿಯ ಮೊದಲ ಸಾಲಿನಲ್ಲೇ ಬರೆಯಿರಿ.